ಗೋಡೆಯ ಆಚೆ ಒಂದು ಮೇಣದಬತ್ತಿ

ಕಳೆದ ನವೆಂಬರ್ 2ಕ್ಕೆ ಊರಿಗೆ ಹೋಗಿದ್ದೆವು. ಸತ್ತವರನ್ನೆಲ್ಲ ನೆನೆಯುವ ದಿನ ಅದು, ಎಲ್ಲೇ ಇದ್ದರೂ ಮನೆಯವರು ಬಂದು ಸೇರುತ್ತೇವೆ. ತೀರ್ಥಹಳ್ಳಿಯಿಂದ ಸುಮಾರು ಒಳಗೆ, ಅಡಿಕೆ ತೋಟಗಳ ಮಧ್ಯೆ ನಮ್ಮದೊಂದು ಸಣ್ಣ ಚರ್ಚ್, ಅದರ ಹಿಂದೆ ಸಮಾಧಿ ಜಾಗ. ಆರೂವರೆಗೆಲ್ಲ ಕತ್ತಲು ಕವಿದಿತ್ತು. ಮಳೆಗಾಲ ಮುಗಿದಿದ್ದರೂ ಗೋಡೆಯ ಪಾಚಿ ಇನ್ನೂ ಹಸಿರಾಗೇ ಇತ್ತು. ಸಮಾಧಿಗಳ ಮೇಲೆ ಸೇವಂತಿಗೆ, ಸಾಲಾಗಿ ಮೇಣದಬತ್ತಿ. ಫಾದರ್ ಒಂದೊಂದೇ ಸಮಾಧಿಗೆ ತೀರ್ಥ ಚಿಮುಕಿಸುತ್ತಾ ಮುಂದೆ ಹೋಗುತ್ತಿದ್ದರು. ಎಂಟು ವರ್ಷದ ಮಗಳ ಕೈಗೆ ಬತ್ತಿಯ ಪೊಟ್ಟಣ ಕೊಟ್ಟಿದ್ದೆ. ನನ್ನ ಅಜ್ಜನಿಗೊಂದು, ಅಜ್ಜಿಗೊಂದು, ಅಪ್ಪನಿಗೊಂದು, ಚಿಕ್ಕಪ್ಪನಿಗೊಂದು ಅಂತ ಅವಳೇ ಹಚ್ಚಿದಳು. ಒಂದು ಉಳಿಯಿತು. ಅದನ್ನು ತೆಗೆದುಕೊಂಡು ಗೇಟಿನಿಂದ ಹೊರಗೆ ಬಂದು, ಗೋಡೆ ಸುತ್ತಿ ಹಿಂಬದಿಗೆ ನಡೆದೆ. ಅಲ್ಲೊಂದು ಹಲಸಿನ ಮರ. ಬುಡದಲ್ಲಿ ಒಂದು ಜಂಬಿಟ್ಟಿಗೆ ಕಲ್ಲು. ಹೆಸರಿಲ್ಲ, ಶಿಲುಬೆ ಇಲ್ಲ. ಬತ್ತಿ ಹಚ್ಚಿ ಕಲ್ಲಿನ ಮೇಲೆ ನಿಲ್ಲಿಸಿದೆ.

ಮಗಳು ಹಿಂದೆಯೇ ಬಂದಿದ್ದಳು. "ಇದು ಯಾರದು?" ಅಂದಳು. ಒಂದು ಪಾಪುವಿನದು, ನನಗೆ ಅತ್ತೆಯಾಗಬೇಕಿತ್ತು ಅಂದೆ. "ಮತ್ತೆ ಯಾಕೆ ಹೊರಗಿದೆ?"

ದೀಕ್ಷಾಸ್ನಾನ, ಅಂದರೆ ಮಗುವನ್ನು ಕ್ರೈಸ್ತರ ಸಾಲಿಗೆ ಸೇರಿಸಿಕೊಳ್ಳುವ ವಿಧಿ, ಆಗುವ ಮೊದಲೇ ತೀರಿಕೊಂಡಿತು, ಆಗೆಲ್ಲ ಹಾಗಿತ್ತು ಅಂದೆ. ಅವಳು ಸ್ವಲ್ಪ ಹೊತ್ತು ಗೋಡೆ ನೋಡಿದಳು. ಆಮೇಲೆ ಕೇಳಿದ ಪ್ರಶ್ನೆ ಇಷ್ಟು ತಿಂಗಳಾದರೂ ನನ್ನನ್ನು ಬಿಟ್ಟಿಲ್ಲ. "ಚಿಕ್ಕಜ್ಜ ಕುಡಿದು ಹೊಡೀತಿದ್ರು ಅಂತೀರಲ್ಲ, ಅವರು ಒಳಗಿದ್ದಾರೆ. ಪಾಪು ಏನ್ ಮಾಡಿತ್ತು?"

ಮಕ್ಕಳ ಮುಂದೆ ಮನೆಯ ಮಾತು ಆಡಬಾರದು ಅಂತಾರೆ. ಅವರು ಎಲ್ಲಾ ಕೇಳಿಸಿಕೊಂಡಿರುತ್ತಾರೆ, ಇಷ್ಟು ಸರಿಯಾಗಿ ಜೋಡಿಸಿಯೂ ಇಟ್ಟಿರುತ್ತಾರೆ.

ಪುಷ್ಯ ಮಳೆ

ಅಜ್ಜಿ ಈ ಕಥೆಯನ್ನು ನನಗೆ ಪೂರ್ತಿ ಹೇಳಿದ್ದು ಒಂದೇ ಸಲ. ನಮ್ಮ ಮನೆಮಾತು ಕೊಂಕಣಿ, ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. 1956, ಪುಷ್ಯ ಮಳೆ ಹಿಡಿದಿತ್ತು. ಹೆರಿಗೆ ಮನೆಯಲ್ಲೇ ಆಯಿತು, ಹೆಣ್ಣು ಮಗು, ಅವರ ಮೊದಲನೆಯದು. ಎರಡು ದಿನ ಚೆನ್ನಾಗಿತ್ತು. ಮೂರನೇ ದಿನ ಹಾಲು ಕುಡಿಯೋದು ಬಿಟ್ಟಿತು. ಆಗ ಫಾದರ್ ಪೇಟೆಯಿಂದ ತಿಂಗಳಿಗೊಮ್ಮೆ ಮಾತ್ರ ಬರುತ್ತಿದ್ದರು. ಅಜ್ಜ ಕಂಬಳಿಕೊಪ್ಪೆ ಹಾಕಿಕೊಂಡು ಅವರನ್ನು ಕರೆತರಲು ಹೊರಟರು. ಹಳ್ಳಕ್ಕೆ ಹಾಕಿದ್ದ ಸಂಕ ಹಿಂದಿನ ರಾತ್ರಿಯೇ ಕೊಚ್ಚಿಹೋಗಿತ್ತು. ದಡದಲ್ಲಿ ನಿಂತು ನೋಡಿ ವಾಪಸ್ ಬಂದರು.

ಸಾಯುವ ಸ್ಥಿತಿಯಲ್ಲಿ ಇರುವವರಿಗೆ ಫಾದರೇ ಬರಬೇಕು ಅಂತ ಇಲ್ಲ. ಯಾರು ಬೇಕಾದರೂ ತಲೆಗೆ ನೀರು ಹೊಯ್ದು, ಪಿತನ, ಸುತನ, ಪವಿತ್ರಾತ್ಮನ ಹೆಸರು ಹೇಳಿ ದೀಕ್ಷಾಸ್ನಾನ ಕೊಡಬಹುದು. ಅಜ್ಜಿಗೆ ಇದು ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು. ಆದರೆ ಆ ರಾತ್ರಿ ನೀರು ಹೊಯ್ದರೆ ಮಗು ಹೋಗುತ್ತದೆ ಅಂತ ತಾನೇ ಒಪ್ಪಿಕೊಂಡ ಹಾಗೆ ಅಂತ ಅವರಿಗೆ ಅನ್ನಿಸಿತಂತೆ. ಬೆಳಗಾಗಲಿ ಅಂದುಕೊಂಡರು. ಬೆಳಗಿನ ಜಾವಕ್ಕೆ ಮಗು ಹೋಯಿತು.

"ಸುತ್ತ ನೀರೇ ಇತ್ತು ಕಣೋ" ಅಂದಿದ್ದರು ಅಜ್ಜಿ. "ಸೂರಿಂದ ನೀರು, ಅಂಗಳದಲ್ಲಿ ನೀರು, ಒಲೆಕಟ್ಟೆವರೆಗೂ ನೀರು. ಅವಳ ತಲೆಗೆ ಒಂದು ಬೊಗಸೆ ಹಾಕ್ಲಿಲ್ಲ ನಾನು."

ಗುಂಡಿ ತೋಡಿದ್ದು ನಮ್ಮ ತೋಟದಲ್ಲಿ ಅಡಿಕೆ ಕೊನೆ ತೆಗೆಯಲು ಬರುತ್ತಿದ್ದ ಕೊನೆಗೌಡ. ಹಿಂದೂ, ದಿನಾ ಬೆಳಿಗ್ಗೆ ಭೂತಪ್ಪನಿಗೆ ಕೈಮುಗಿದೇ ಮರ ಹತ್ತುತ್ತಿದ್ದ ಮನುಷ್ಯ. ಮಳೆಯಲ್ಲಿ ತೋಡಿದಷ್ಟೂ ನೀರು ತುಂಬುತ್ತಿತ್ತು. ಅವನು ಕರಟದಲ್ಲಿ ನೀರು ಮೊಗೆದು ಮೊಗೆದು ಹೊರಗೆ ಹಾಕಿ, ತಳಕ್ಕೆ ಒಣಗಿದ ಸೋಗೆ ಹಾಸಿ, ಆಮೇಲೆ ಮಗುವನ್ನು ಇಳಿಸಿದನಂತೆ. ಆ ಸೋಗೆಯ ಮಾತು ಬಂದಾಗ ಅಜ್ಜಿ ಸುಮ್ಮನಾದರು. ತನ್ನ ಮಗುವಿಗೆ ಕೊನೆಯ ಹಾಸಿಗೆ ಹಾಸಿದವನು ಯಾವ ಸಾಲಿಗೆ ಸೇರಿದವನು ಅನ್ನೋ ಪ್ರಶ್ನೆ ಅವರಿಗೆ ಎಂದೂ ಬರಲಿಲ್ಲ ಅಂತ ಕಾಣುತ್ತದೆ. ಅವನು ಬದುಕಿರುವವರೆಗೂ ಕ್ರಿಸ್‌ಮಸ್ ತಿಂಡಿ ಕುಸ್ವಾರಿನ ಮೊದಲ ತಟ್ಟೆ ಅವನ ಮನೆಗೇ ಹೋಗುತ್ತಿತ್ತು. ಸತ್ತ ಮೇಲೆ ಅವನ ಹೆಸರೂ ಪ್ರಾರ್ಥನೆಯಲ್ಲಿ ಸೇರಿತು.

ಮಗುವನ್ನು ಒಳಗೆ ಹೂಳುವಂತಿರಲಿಲ್ಲ. 1917ರಲ್ಲಿ ರೋಮ್ ಹೊರಡಿಸಿದ ನಮ್ಮ ಕ್ಯಾಥೊಲಿಕ್ ಧರ್ಮಸಭೆಯ ಕಾನೂನು ದೀಕ್ಷಾಸ್ನಾನವಿಲ್ಲದೆ ಸತ್ತವರಿಗೆ ಚರ್ಚಿನ ವಿಧಿಯಂತೆ ಮಣ್ಣು ಮಾಡುವುದಕ್ಕೆ ಒಪ್ಪುತ್ತಿರಲಿಲ್ಲ. ಇಂಥ ಮಕ್ಕಳು ಹೋಗುವುದು ಲಿಂಬೊ ಅನ್ನೋ ಜಾಗಕ್ಕೆ, ಅಲ್ಲಿ ನೋವಿಲ್ಲ, ಆದರೆ ದೇವರ ಮುಖವೂ ಕಾಣುವುದಿಲ್ಲ ಅಂತ ಆಗೆಲ್ಲ ಕಲಿಸುತ್ತಿದ್ದರು. ಅಂದರೆ ಅಜ್ಜಿ ಸತ್ತು ಸ್ವರ್ಗಕ್ಕೆ ಹೋದರೂ ಮಗಳು ಅಲ್ಲಿ ಸಿಗುವುದಿಲ್ಲ. ಒಬ್ಬ ತಾಯಿಗೆ ಇದನ್ನು ಹೇಳಿ, ನಿನಗೆ ಅಲ್ಲಿ ಪೂರ್ತಿ ಸಂತೋಷ ಇರುತ್ತದೆ ಅಂತಲೂ ಹೇಳುವುದು ಹೇಗೆ? ನನಗೆ ಇವತ್ತಿಗೂ ಅರ್ಥವಾಗುವುದಿಲ್ಲ.

ಆಮೇಲೆ ಒಂದೊಂದೇ ಬದಲಾಯಿತು. 1983ರ ಹೊಸ ಕಾನೂನು, ದೀಕ್ಷಾಸ್ನಾನ ಕೊಡಿಸಬೇಕು ಅಂತ ತಂದೆತಾಯಿಗೆ ಮನಸ್ಸಿದ್ದು ಅಷ್ಟರಲ್ಲಿ ತೀರಿಕೊಂಡ ಮಗುವಿಗೆ ಬಿಷಪರ ಒಪ್ಪಿಗೆಯಿಂದ ಚರ್ಚಿನ ಅಂತ್ಯಕ್ರಿಯೆ ಮಾಡಬಹುದು ಅಂದಿತು. 2007ರ ಏಪ್ರಿಲ್‌ನಲ್ಲಿ ವ್ಯಾಟಿಕನ್‌ನ ದೇವಶಾಸ್ತ್ರ ಆಯೋಗ ಇಂಥ ಮಕ್ಕಳ ಬಗ್ಗೆಯೇ ಒಂದು ದೊಡ್ಡ ಬರಹ ಪ್ರಕಟಿಸಿತು. ಲಿಂಬೊ ಎಂದೂ ನಂಬಲೇಬೇಕಾದ ಸತ್ಯವಾಗಿರಲಿಲ್ಲ, ಆ ಮಕ್ಕಳು ರಕ್ಷಣೆ ಹೊಂದಿ ಸ್ವರ್ಗ ಸೇರುತ್ತಾರೆ ಎಂದು ಆಶಿಸಲು ಗಟ್ಟಿ ಕಾರಣಗಳಿವೆ ಅನ್ನುವುದು ಅದರ ಸಾರ. ಆಗ ನಾನು ಶಿವಮೊಗ್ಗದಲ್ಲಿ ಕೆಲಸದಲ್ಲಿದ್ದೆ. ಸುದ್ದಿ ಓದಿ ಆಫೀಸಿನ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಅಜ್ಜಿ ಹೋಗಿ ನಾಲ್ಕು ವರ್ಷ ಆಗಿತ್ತು.

ಆದರೆ ಅಜ್ಜಿ ಯಾವ ಕಾಗದಕ್ಕೂ ಕಾದವರಲ್ಲ. ಆ ಕಲ್ಲಿನ ಮೇಲೆ 1956ರ ನವೆಂಬರ್‌ನಿಂದ ಒಂದು ವರ್ಷವೂ ಬತ್ತಿ ತಪ್ಪಿರಲಿಲ್ಲ.

ಬಾಗಿಲು ಎಲ್ಲಿಗೆ ನಿಲ್ಲುತ್ತದೆ

ಮಗುವಿಗೆ ಬಾಗಿಲು ತೆರೆದ ಮೇಲೆ ಅದನ್ನು ಯಾರ ಮುಖದ ಮೇಲೆ ಮುಚ್ಚುವುದು? ನನ್ನ ಕಾಟ ಶುರುವಾಗಿದ್ದೇ ಇಲ್ಲಿಂದ. ಮಗುವಿಗೆ ಪಾಪ ಗೊತ್ತಿರಲಿಲ್ಲ, ಸರಿ. ಆ ಕೊನೆಗೌಡನಿಗೆ? ಯೇಸುವಿನ ಹೆಸರು ಅವನು ಕೇಳಿದ್ದೇ ನಮ್ಮ ಮನೆಯ ಜಗಲಿಯಲ್ಲಿ. ಲೋಕದ ಕ್ಯಾಥೊಲಿಕ್ ಬಿಷಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲೇ ಇದಕ್ಕೆ ಉತ್ತರ ಕೊಟ್ಟಿದೆ. ತನ್ನದಲ್ಲದ ಕಾರಣಕ್ಕೆ ಯೇಸುವಿನ ಶುಭಸಂದೇಶ ತಿಳಿಯದೆ, ಆದರೂ ಮನಸ್ಸಾಕ್ಷಿಯಂತೆ ದೇವರನ್ನು ಹುಡುಕಿ ಬದುಕಿದವನಿಗೂ ರಕ್ಷಣೆ ಸಿಗಬಹುದು ಅಂತ. ಅಲ್ಲಿಗೆ ಇನ್ನೊಂದು ಬಾಗಿಲು ತೆರೆಯಿತು. ಹಾಗಾದರೆ ಉಳಿದವರು ಯಾರು? ಎಲ್ಲಾ ಗೊತ್ತಿದ್ದೂ ಕೆಟ್ಟವರು. ಗೋಡೆಯ ಒಳಗೆ ಮಲಗಿರುವ ಚಿಕ್ಕಪ್ಪನಂಥವರು.

ಕೊನೆಗೆ ಎಲ್ಲರೂ, ಒಬ್ಬರೂ ತಪ್ಪದೆ, ದೇವರ ಹತ್ತಿರ ಸೇರುತ್ತಾರೆ ಅನ್ನುವ ನಂಬಿಕೆ ಈಗಿನವರ ಮೆತ್ತನೆಯ ಮನಸ್ಸಿನಿಂದ ಹುಟ್ಟಿದ್ದು ಅಂತ ನಾನೂ ಬಹಳ ದಿನ ಅಂದುಕೊಂಡಿದ್ದೆ. ಅದು ತುಂಬಾ ಹಳೆಯದು. ಮೂರನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಕ್ರೈಸ್ತ ಪಂಡಿತ ಒರಿಜೆನ್ ಹೇಳಿದ್ದ. ನಾಲ್ಕನೇ ಶತಮಾನದಲ್ಲಿ ನಿಸ್ಸಾದ ಸಂತ ಗ್ರೆಗೊರಿ ಹೇಳಿದ. ಒರಿಜೆನ್‌ನ ಹೆಸರಿನಲ್ಲಿ ಹಬ್ಬಿದ್ದ ಬೋಧನೆಗಳನ್ನು ಚಕ್ರವರ್ತಿ ಜಸ್ಟಿನಿಯನ್ 543ರಲ್ಲಿ ಖಂಡಿಸಿದ, 553ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯ ಹೊತ್ತಿಗೆ ಒರಿಜೆನ್‌ನ ಹೆಸರು ಕೆಟ್ಟೇ ಹೋಗಿತ್ತು. ಆದರೆ ಗ್ರೆಗೊರಿಯನ್ನು ಯಾರೂ ಮುಟ್ಟಲಿಲ್ಲ. ಅವನು ಇವತ್ತಿಗೂ ಸಂತನೇ.

ಗ್ರೆಗೊರಿಯ ಒಂದು ಚಿತ್ರ ಮಾತ್ರ ಸ್ವಲ್ಪ ನಿಧಾನಕ್ಕೆ ಹೇಳಬೇಕು. 379ರಲ್ಲಿ ಅವನ ಅಕ್ಕ ಮಕ್ರೀನಾ ಸಾಯುವ ಹಾಸಿಗೆಯಲ್ಲಿ ಇದ್ದಳು. ಇನ್ನೊಬ್ಬ ಅಣ್ಣ ಬೆಸಿಲ್ ತೀರಿಕೊಂಡ ದುಃಖದಲ್ಲೇ ಗ್ರೆಗೊರಿ ಅವಳನ್ನು ನೋಡಲು ಹೋದ. ಸಾಯುತ್ತಿರುವವಳೇ ತಮ್ಮನಿಗೆ ಸಮಾಧಾನ ಹೇಳಬೇಕಾಯಿತು. ಆ ಮಾತುಕತೆಯನ್ನು ಅವನು ಬರೆದಿಟ್ಟಿದ್ದಾನೆ. ಅದರಲ್ಲಿ ಒಂದು ಹಗ್ಗ ಬರುತ್ತದೆ. ಉದ್ದಕ್ಕೂ ಕೆಸರು ಮೆತ್ತಿ ಗಟ್ಟಿಯಾಗಿರುವ ಹಗ್ಗ. ಅದನ್ನು ಒಂದು ಕಿರಿದಾದ ತೂತಿನಲ್ಲಿ ತೂರಿಸಿ ಆ ಕಡೆಯಿಂದ ಒಬ್ಬರು ಎಳೆಯುತ್ತಾರೆ. ಹಗ್ಗ ಬಂದೇ ಬರುತ್ತದೆ. ಆದರೆ ಮೆತ್ತಿದ ಕೆಸರೆಲ್ಲ ತೂತಿನ ಅಂಚಿಗೆ ಉಜ್ಜಿ ಉಜ್ಜಿ ಉದುರಬೇಕು. ಹಗ್ಗಕ್ಕೆ ನೋವಾಗುತ್ತದೆ. ಎಳೆಯುವವನಿಗೆ ನೋವು ಕೊಡುವ ಆಸೆ ಇಲ್ಲ, ಅವನಿಗೆ ಬೇಕಾಗಿರುವುದು ಹಗ್ಗ. ಎಷ್ಟು ಕೆಸರು ಮೆತ್ತಿದೆಯೋ ಅಷ್ಟು ನೋವು.

ಇದನ್ನು ಮೊದಲ ಸಲ ಓದಿದಾಗ ನಮ್ಮ ಬಾವಿಯ ಹಗ್ಗ ನೆನಪಾಯಿತು. ಮಳೆಗಾಲದಲ್ಲಿ ಅಂಗಳಕ್ಕೆ ಬಿದ್ದು ಕೆಂಪು ಮಣ್ಣು ಹತ್ತಿದರೆ ಅಮ್ಮ ಅದನ್ನು ಎಸೆಯುತ್ತಿರಲಿಲ್ಲ. ಮುಷ್ಟಿ ಬಿಗಿಹಿಡಿದು, ಮುಷ್ಟಿಯೊಳಗಿಂದ ಇಡೀ ಹಗ್ಗ ಎಳೆದು ತೆಗೆಯುತ್ತಿದ್ದರು. ಅಂಗೈ ಕೆಂಪಾಗುತ್ತಿತ್ತು. ಹಗ್ಗದ ಜೊತೆ ಕೈಗೂ ಉರಿ ಅಲ್ವಾ. ಗ್ರೆಗೊರಿ ಅದನ್ನು ಬರೆದಿಲ್ಲ, ನಾನು ಸೇರಿಸಿಕೊಂಡಿದ್ದು.

ಹಾಗಂತ ಎದುರು ಮಾತು ಇಲ್ಲ ಅಂತಲ್ಲ. ದೊಡ್ಡದೇ ಇದೆ. ಮತ್ತಾಯನ 25ನೇ ಅಧ್ಯಾಯದ ಕೊನೆಯ ವಚನದಲ್ಲಿ ಸ್ವತಃ ಯೇಸುವೇ ಒಂದು ಗುಂಪು ನಿತ್ಯ ದಂಡನೆಗೆ, ಇನ್ನೊಂದು ನಿತ್ಯ ಜೀವಕ್ಕೆ ಅನ್ನುತ್ತಾನೆ. ಸಂತ ಅಗಸ್ಟೀನ್ ಇದನ್ನೇ ಹಿಡಿದ. ಎರಡು ಕಡೆಗೂ ಒಂದೇ ಪದ, ಜೀವ ಮುಗಿಯುವುದಿಲ್ಲ ಅಂದರೆ ದಂಡನೆಯೂ ಮುಗಿಯುವುದಿಲ್ಲ ಅಂದ. ಎಲ್ಲರೂ ಉಳಿಯುತ್ತಾರೆ ಅನ್ನುವ ಕರುಣೆಯ ಜನ ಆಗಲೂ ಸುಮಾರು ಇದ್ದರು, ಅವರಿಗೇ ಉತ್ತರವಾಗಿ ಬರೆದದ್ದು ಅದು. ವಾದ ಗಟ್ಟಿ ಇದೆ, ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಆದರೆ ಗ್ರೀಕಿನಲ್ಲಿ ಅಲ್ಲಿರುವ ಪದ 'ಅಯೋನಿಯೊಸ್'. 'ಅಯೋನ್' ಅಂದರೆ ಯುಗ, ಒಂದು ದೀರ್ಘ ಕಾಲ. ಅದರಿಂದ ಹುಟ್ಟಿದ ಪದ ಇದು. ಗ್ರೀಕನ್ನೇ ಆಡಿ ಬೆಳೆದ ಗ್ರೆಗೊರಿಗೆ ಅದರಲ್ಲಿ ಮುಗಿಯದ ಬೆಂಕಿ ಕಾಣಲಿಲ್ಲ. ಅಗಸ್ಟೀನ್ ಲ್ಯಾಟಿನ್ನಿನವನು, ಚಿಕ್ಕಂದಿನಲ್ಲಿ ಗ್ರೀಕ್ ಪಾಠ ಅಂದರೆ ಆಗುತ್ತಿರಲಿಲ್ಲ ಅಂತ ಅವನೇ ಬರೆದುಕೊಂಡಿದ್ದಾನೆ. ನಮ್ಮ ಕನ್ನಡ ಬೈಬಲಿಗೆ ಅದು 'ನಿತ್ಯ' ಆಗಿ ಬಂತು. ನಾವು ನಿತ್ಯ ಅನ್ನೋದನ್ನು ದಿನಾ ಅನ್ನೋದಕ್ಕೂ ಬಳಸುತ್ತೇವಲ್ಲ, ಒಂದು ಪದದ ಮೇಲೆ ಇಷ್ಟು ಜನರ ಗತಿ ನಿಂತಿರುವಾಗ ನನಗೆ ಇದೂ ನೆನಪಾಗುತ್ತದೆ. ಜೀವ ಮುಗಿಯುವುದಿಲ್ಲ ಅನ್ನೋದಕ್ಕೆ ಆ ಒಂದೇ ಪದ ಆಧಾರವೂ ಅಲ್ಲ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಪೌಲ ಹೇಳುವುದು ಬೇರೆಯೇ. ಆದಾಮನಲ್ಲಿ ಎಲ್ಲರೂ ಸಾಯುವಂತೆ ಕ್ರಿಸ್ತನಲ್ಲಿ ಎಲ್ಲರೂ ಬದುಕುತ್ತಾರೆ, ಕೊನೆಯ ಶತ್ರುವಾದ ಸಾವೂ ಸೋಲುತ್ತದೆ, ಆಮೇಲೆ ದೇವರು ಎಲ್ಲರಲ್ಲೂ ಎಲ್ಲವೂ ಆಗಿರುತ್ತಾನೆ ಅಂತ. ಒಂದು ಮೂಲೆಯಲ್ಲಿ ಬೆಂಕಿ ಉರಿಯುತ್ತಲೇ ಇದ್ದರೆ ಅದು ಎಲ್ಲವೂ ಹೇಗಾಗುತ್ತದೆ?

ನಮ್ಮ ಧರ್ಮಸಭೆ ನರಕ ಇದೆ ಅಂತಲೇ ಕಲಿಸುತ್ತದೆ. ಎಲ್ಲರೂ ಉಳಿದೇ ಉಳಿಯುತ್ತಾರೆ ಅಂತ ಅದು ಹೇಳುವುದಿಲ್ಲ. ಆದರೆ ಇಂಥವರು ಸ್ವರ್ಗದಲ್ಲಿದ್ದಾರೆ ಅಂತ ಸಾವಿರಾರು ಸಂತರ ಹೆಸರು ಸಾರಿದ ಸಭೆ, ಇಂಥ ಮನುಷ್ಯ ನರಕದಲ್ಲಿದ್ದಾನೆ ಅಂತ ಇವತ್ತಿನವರೆಗೆ ಒಬ್ಬನ ಹೆಸರನ್ನೂ ಸಾರಿಲ್ಲ. ಆ ಪಟ್ಟಿ ಖಾಲಿ ಇದೆ. ಖಾಲಿಯಾಗಿಯೇ ಇರಲಿ ಅಂತ ಬೇಡಿಕೊಳ್ಳುವುದಕ್ಕೆ ನನಗೆ ಯಾರೂ ಅಡ್ಡ ಬಂದಿಲ್ಲ.

ಚಿಕ್ಕಮ್ಮನ ಷರತ್ತು

ಇಷ್ಟೆಲ್ಲ ಓದಿಕೊಂಡರೂ ಒಂದು ಕಡೆ ನನ್ನ ಮಾತು ಕಟ್ಟುತ್ತದೆ. ಕೊಲೆ ಮಾಡಿದವನೂ ಬರುತ್ತಾನೆ, ಕೊಲೆಯಾದವನೂ ಬರುತ್ತಾನೆ ಅಂದಾಗ ಕೊಲೆಯಾದವನ ತಾಯಿಗೆ ಏನನ್ನಿಸಬೇಕು? ಅಗ್ಗದ ಕ್ಷಮೆಗೆ ನಾನು ಹೆದರುತ್ತೇನೆ. ನರಕಕ್ಕಿಂತ ಅದಕ್ಕೇ ಜಾಸ್ತಿ. ಹೊಡೆತ ತಿಂದವರಿಗೆ "ಹೋಗ್ಲಿ ಬಿಡು, ದೇವರು ನೋಡ್ಕೋತಾನೆ" ಅನ್ನುವ ಊರು ನಮ್ಮದು. ಅದೇ ಮಾತನ್ನು ಸ್ವರ್ಗದವರೆಗೂ ಎಳೆದರೆ ಹೊಡೆತ ತಿಂದವರಿಗೆ ಅಲ್ಲೂ ನ್ಯಾಯ ಇಲ್ಲ.

ಚಿಕ್ಕಪ್ಪ 2011ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಕುಡಿತ ಇತ್ತು, ಹೊಡೆತ ಇತ್ತು. ಚಿಕ್ಕಮ್ಮನ ತವರಿನ ಬಳೆ ಹೋಯಿತು, ಆಮೇಲೆ ತೋಟದ ಒಂದು ಭಾಗವೂ ಹೋಯಿತು. ತಿಂಗಳ ಪೂಜೆ ಮುಗಿದ ರಾತ್ರಿ ಜಗಲಿಯಲ್ಲಿ ಅಡಿಕೆ ಸುಲಿಯುತ್ತಾ ಕೂತಿದ್ದೆವು. ಸಾವು ಅಂತ ಅಡಿಕೆ ಕಾಯುವುದಿಲ್ಲ, ಸುಲಿದು ಬೇಯಿಸಲೇಬೇಕು. ಐದಾರು ಹೆಂಗಸರು, ಮೆಟ್ಟುಗತ್ತಿಯ ಕಟಕ್ ಕಟಕ್ ಸದ್ದು, ಒಳಗೆ ಹಂಡೆಯಲ್ಲಿ ಚೊಗರು ಕುದಿಯುವ ವಾಸನೆ. ನೆಂಟರೊಬ್ಬರು ಸಮಾಧಾನಕ್ಕೆ ಅಂತ, "ಏನಾದ್ರೂ ಆಗ್ಲಿ, ದೇವರು ಅವರನ್ನ ಕ್ಷಮಿಸಿರ್ತಾನೆ ಬಿಡಿ" ಅಂದರು.

ಚಿಕ್ಕಮ್ಮ ಕೈ ನಿಲ್ಲಿಸಲಿಲ್ಲ. ಒಂದು ಅಡಿಕೆ ಸುಲಿದು ಬುಟ್ಟಿಗೆ ಹಾಕಿ, ಇನ್ನೊಂದು ತೆಗೆದುಕೊಂಡರು. ಆಮೇಲೆ ನಿಧಾನಕ್ಕೆ ಹೇಳಿದರು. "ಕ್ಷಮಿಸ್ಲಿ. ಕ್ಷಮಿಸು ಅಂತ ನಾನೂ ಬೇಡ್ಕೋತೀನಿ. ಆದ್ರೆ ನನ್ನನ್ನು ಬಿಟ್ಟು ಅವರಿಬ್ರೇ ಮಾತಾಡ್ಕೊಂಡು ಮುಗಿಸ್ಬಾರ್ದು. ಮೊದ್ಲು ಅವರು ನನ್ನ ಎದುರು ಕೂತ್ಕೋಬೇಕು. ನಾನು ಒಂದೊಂದೇ ಹೇಳ್ತೀನಿ. ಯಾವ ದಿನ, ಏನು, ಮಕ್ಕಳು ಎಲ್ಲಿ ನಿಂತಿದ್ರು, ಎಲ್ಲಾ. ಅವರು ಎದ್ದು ಹೋಗ್ಬಾರ್ದು, ಕುಡಿದಿರ್ಬಾರ್ದು, ಪೂರ್ತಿ ಕೇಳಿಸ್ಕೋಬೇಕು. ಆಮೇಲೆ ಕರ್ಕೊಂಡು ಹೋಗ್ಲಿ. ನಾನು ಬೇಡ ಅನ್ನಲ್ಲ."

ಯಾರೂ ಮಾತಾಡಲಿಲ್ಲ. ಮೆಟ್ಟುಗತ್ತಿಗಳ ಸದ್ದು ಮಾತ್ರ ಕೇಳುತ್ತಿತ್ತು.

ನಿನೆವೆಯ ಐಸಾಕ್ ಅಂತ ಏಳನೇ ಶತಮಾನದ ಒಬ್ಬ ಸನ್ಯಾಸಿ ಇದ್ದ, ಈಗಿನ ಕತಾರ್ ಕಡೆಯವನು. ಅವನ ಬರಹದ ಒಂದು ದೊಡ್ಡ ಭಾಗ ಎಲ್ಲೋ ಕಳೆದುಹೋಗಿದ್ದು, 1983ರಲ್ಲಿ ಆಕ್ಸ್‌ಫರ್ಡ್‌ನ ಗ್ರಂಥಾಲಯದಲ್ಲಿ ಸಿಕ್ಕಿತು. ನರಕಕ್ಕೂ ಒಂದು ಕೊನೆ ಇದೆ, ದೇವರು ಸೇಡು ತೀರಿಸಿಕೊಳ್ಳುವವನಲ್ಲ ಅನ್ನುವ ಅಧ್ಯಾಯಗಳು ಇರುವುದು ಅದರಲ್ಲೇ. 2024ರ ನವೆಂಬರ್‌ನಲ್ಲಿ ಪೋಪ್ ಫ್ರಾನ್ಸಿಸ್ ಅವನ ಹೆಸರನ್ನು ನಮ್ಮ ಸಂತರ ಪಟ್ಟಿಗೆ ಸೇರಿಸಿದರು. ಅವನ ಇನ್ನೊಂದು ಮಾತಿದೆ. ನರಕದಲ್ಲಿರುವವರನ್ನು ಬಡಿಯುವುದು ಪ್ರೀತಿಯ ಚಾಟಿ. ಪ್ರೀತಿಗೆ ದ್ರೋಹ ಮಾಡಿದೆ ಅಂತ ಗೊತ್ತಾದಾಗ ಆಗುವ ನೋವಿಗೆ ಸಮನಾದ ಬೇರೆ ಶಿಕ್ಷೆಯೇ ಇಲ್ಲ ಅಂತಾನೆ. ಅದನ್ನು ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಜಗಲಿ. ಒಂದು ಮಣೆಯ ಮೇಲೆ ಚಿಕ್ಕಮ್ಮ, ಎದುರಿನ ಮಣೆಯ ಮೇಲೆ ಚಿಕ್ಕಪ್ಪ, ಕುಡಿಯದೆ, ತಲೆ ತಗ್ಗಿಸಿ. ಅವರು ಹೇಳುತ್ತಾ ಹೋಗುತ್ತಾರೆ. ಇವರು ಕೇಳುತ್ತಾ ಹೋಗುತ್ತಾರೆ. ಅದಕ್ಕೆ ಎಷ್ಟು ವರ್ಷ ಬೇಕೋ, ಎಷ್ಟು ಯುಗ ಬೇಕೋ. ಕೊಂಕಣಿಯಲ್ಲಿ ನಾವು ನರಕಕ್ಕೆ ಯೆಮ್ಕೊಂಡ್ ಅಂತೀವಿ, ಯಮನ ಕೊಂಡ. ಚಿಕ್ಕಂದಿನಲ್ಲಿ ನನಗೆ ಅಲ್ಲಿ ಕಾಣುತ್ತಿದ್ದದ್ದು ಕುದಿಯುವ ಹಂಡೆ. ಈಗ ಕಾಣುವುದು ಆ ಎರಡು ಮಣೆ. ಹಂಡೆಗಿಂತ ಕಷ್ಟದ ಜಾಗ ಅದು. ಆದರೆ ಅಲ್ಲಿಂದ ಎದ್ದು ಬರುವುದಕ್ಕೆ ದಾರಿ ಇದೆ.

ಹಾಗಾಗಿ ಎಲ್ಲರೂ ರಕ್ಷಣೆ ಹೊಂದುತ್ತಾರೆ ಅಂತ ನಾನು ಆಶಿಸುವಾಗ, ಏನೂ ಆಗಿಲ್ಲ ಅನ್ನೋ ಹಾಗೆ ಎಲ್ಲವನ್ನೂ ಒರೆಸಿಹಾಕಲಿ ಅಂತ ಕೇಳುತ್ತಿಲ್ಲ. ಒಂದು ಹೊಡೆತವೂ ಲೆಕ್ಕ ತಪ್ಪಬಾರದು. ಒಬ್ಬ ಮನುಷ್ಯನೂ ಕೈತಪ್ಪಬಾರದು. ನನಗೆ ಎರಡೂ ಬೇಕು. ಎರಡನ್ನೂ ಮಾಡಲು ಆಗದ ದೇವರನ್ನು ನನ್ನ ಚಿಕ್ಕಮ್ಮನಿಗೆ ತೋರಿಸಲು ನನಗೆ ಮುಖ ಇಲ್ಲ.

ಅದೇ 1917

ನವೆಂಬರ್ 2ರ ಆ ರಾತ್ರಿ ಮನೆಗೆ ಬಂದು ಎಂದಿನಂತೆ ಜಪಸರ ಹೇಳಿದೆವು. ಅಜ್ಜಿ ಹೋದ ಮೇಲೆ ಅದನ್ನು ನಡೆಸುವುದು ಚಿಕ್ಕಮ್ಮ. ಹತ್ತು ಹತ್ತು 'ನಮೋ ಮರಿಯ' ಮುಗಿದಾಗಲೆಲ್ಲ ಒಂದು ಸಣ್ಣ ಪ್ರಾರ್ಥನೆ ಬರುತ್ತದೆ, ನಮ್ಮವರಿಗೆಲ್ಲ ಬಾಯಿಪಾಠ. ಓ ಯೇಸುವೇ, ನಮ್ಮ ಪಾಪ ಕ್ಷಮಿಸಿ, ನರಕದ ಬೆಂಕಿಯಿಂದ ಕಾಪಾಡಿ, ಎಲ್ಲಾ ಆತ್ಮಗಳನ್ನೂ ಸ್ವರ್ಗಕ್ಕೆ ಸೇರಿಸಿ. ಇದು ಪೋರ್ಚುಗಲ್ಲಿನ ಫಾತಿಮಾದಿಂದ ಬಂದದ್ದು. 1917ರ ಜುಲೈ 13ರಂದು ಕುರಿ ಕಾಯುವ ಮೂರು ಮಕ್ಕಳಿಗೆ ಮಾತೆ ಮರಿಯ ಕಲಿಸಿದ್ದು ಅಂತ ನಂಬಿಕೆ. ಹತ್ತು, ಒಂಬತ್ತು, ಏಳು ವರ್ಷದ ಮಕ್ಕಳು. ಅದೇ ದಿನ ಅವರಿಗೆ ನರಕ ಕಂಡಿತ್ತು ಅನ್ನುತ್ತಾರೆ. ನರಕವನ್ನು ಕಣ್ಣಾರೆ ಕಂಡ ಮಕ್ಕಳು ಕಲಿತು ಬಂದ ಪ್ರಾರ್ಥನೆಯಲ್ಲಿ 'ಕೆಲವು' ಅಂತ ಇಲ್ಲ, 'ಒಳ್ಳೆಯ' ಅಂತ ಇಲ್ಲ. 'ಎಲ್ಲಾ' ಅಂತಿದೆ. ನಮ್ಮ ಪಾಪುವನ್ನು ಗೋಡೆಯ ಆಚೆ ಇಟ್ಟ ಕಾನೂನನ್ನು ರೋಮಿನಲ್ಲಿ ಸಾರಿದ್ದು ಅದೇ ವರ್ಷದ ಮೇ 27ಕ್ಕೆ. ಎರಡಕ್ಕೂ ನಡುವೆ ಏಳು ವಾರವೂ ಇಲ್ಲ. ಕಾನೂನು ಹೋಯಿತು. ಪ್ರಾರ್ಥನೆ ಉಳಿದಿದೆ, ನಿತ್ಯ ಸಂಜೆ ಏಳಕ್ಕೆ, ಮಲೆನಾಡಿನ ಎಷ್ಟೋ ಮನೆಗಳಲ್ಲಿ, ಹೊರಗೆ ಜೀರುಂಡೆ ಕೂಗುತ್ತಿರುವಾಗ.

ಅಂದು ಮಗಳು ನನ್ನ ತೊಡೆಗೆ ಒರಗಿ ಕೂತಿದ್ದಳು. ಚಿಕ್ಕಮ್ಮ ಆ ಸಾಲಿಗೆ ಬಂದಾಗ "ಎಲ್ಲಾ ಆತ್ಮಗಳನ್ನೂ ಸ್ವರ್ಗಕ್ಕೆ ಸೇರಿಸಿ" ಅಂದು ಒಂದು ಉಸಿರು ನಿಲ್ಲುತ್ತಾರೆ. ಹದಿಮೂರು ಹದಿನಾಲ್ಕು ವರ್ಷದಿಂದ ನಿಲ್ಲುತ್ತಿದ್ದಾರೆ. ನಾವೂ ನಿಲ್ಲುತ್ತೇವೆ, ಯಾಕೆ ಅಂತ ಯಾರೂ ಕೇಳಿಲ್ಲ. ಆಮೇಲೆ ಅವರೇ ಮುಂದುವರಿಸುತ್ತಾರೆ. "ವಿಶೇಷವಾಗಿ, ನಿಮ್ಮ ದಯೆ ಯಾರಿಗೆ ಹೆಚ್ಚು ಬೇಕೋ ಅವರನ್ನು."

ಮೊದಲ ನಾಲ್ಕು ಸಲ ಮಗಳು ನಿಲ್ಲದೆ ಮುಂದೆ ಓಡಿದಳು. ಐದನೆಯ ಸಲ ಅವಳೂ ನಿಂತಳು.